ಹನ್ನೆರಡನೇ ನಂಬರಿನ ಕುರಿಗಳ ಪರವಾಗಿ, ನೋಂದಣಿ ಕಚೇರಿಗೆ

ಮಾನ್ಯರೇ,

ಅಂತರ್ಜಾಲದ ಹಳೆಯ ನಂಬರುಗಳನ್ನೆಲ್ಲ ಹೊಸ ಸೇವಾ ಒಪ್ಪಂದದೊಳಗೆ ಸೇರಿಸಿಕೊಳ್ಳುವ ಮಹತ್ಕಾರ್ಯದಲ್ಲಿ ಹಗಲಿರುಳು ತೊಡಗಿರುವ, ಹೆಸರಿನ ಜಾಗದಲ್ಲಿ 'ತಂಡ' ಎಂದಷ್ಟೇ ಬರೆದುಕೊಳ್ಳುವ, 'ಈ ವಿಳಾಸಕ್ಕೆ ಉತ್ತರ ಬರೆಯಬೇಡಿ' ಎಂಬ ವಿಳಾಸದಿಂದಲೇ ನಮ್ಮೊಡನೆ ನಿರಂತರ ಸಂಪರ್ಕದಲ್ಲಿರುವ ತಮ್ಮ ಘನ ಕಚೇರಿಗೆ, ಚಳ್ಳಕೆರೆಯ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಿ.ಸಿ.ಎ. ಮೊದಲ ವರ್ಷದ ಸ್ವಪ್ನ ಮಾಡುವ ಅನಂತ ನಮಸ್ಕಾರಗಳು. ಈ ಸೋಮವಾರದಿಂದ ತಮಗೆ ನೇರವಾಗಿ ಬರೆದದ್ದೆಲ್ಲ ಹೋದಷ್ಟೇ ವೇಗದಲ್ಲಿ ವಾಪಸ್ ಬಂದಿರುವುದರಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಊರಿಗೆಲ್ಲ ಓದಿಸಿದರೆ ತಮ್ಮ ಪರಿಚಯದವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ ಎಂಬುದು ನಮ್ಮ ವಾರ್ಡನ್ ಮೇಡಂ ಕೊಟ್ಟ ಸಲಹೆ.

ಆರನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದವಳಾದ್ದರಿಂದ ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೂ ಇಂಗ್ಲಿಷಿನಲ್ಲಿ ಅರ್ಧ ಕನ್ನಡವೂ ಇರುತ್ತದೆ, ಮನ್ನಿಸಬೇಕು. ಎಲ್ಲಿ ತಪ್ಪಾಗುತ್ತದೋ ಎಂಬ ಭಯ ನನಗೆ ಮೊದಲಿನಿಂದಲೂ ಇದೆ. ತಮ್ಮ ಒಪ್ಪಂದದ ಕೊನೆಯಲ್ಲಿರುವ 'ಸಮ್ಮತಿಸುತ್ತೇನೆ' ಎಂಬ ಪುಟ್ಟ ಚೌಕದ ಮೇಲೆ ಮೌಸ್ ಇಟ್ಟುಕೊಂಡು ನಾನು ಬೆವತಷ್ಟು ಇಂಟರ್ನಲ್ಸ್ ಪರೀಕ್ಷೆಯಲ್ಲೂ ಬೆವತಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಹಳ್ಳಿಗಳಿಗೆ ಕಂಪ್ಯೂಟರ್ ತರುವ ಯಾವುದೋ ಯೋಜನೆಯಡಿ ಚಳ್ಳಕೆರೆ ಮತ್ತು ಪಕ್ಕದ ತಾಲ್ಲೂಕು ಎರಡಕ್ಕೂ ಸೇರಿದ ನಮ್ಮ ಕುರಿಗಾರರ ಸಂಘಕ್ಕೆ ಇನ್ನೂರೈವತ್ತಾರು ಅಂತರ್ಜಾಲ ನಂಬರುಗಳು ಮಂಜೂರಾದವು. ಅಂತರ್ಜಾಲದಲ್ಲಿ ಒಂದು ಯಂತ್ರ ಇನ್ನೊಂದು ಯಂತ್ರವನ್ನು ಹುಡುಕಿಕೊಂಡು ಹೋಗಬೇಕಾದರೆ ಅದಕ್ಕೊಂದು ನಂಬರು ಇರಲೇಬೇಕು. ಆಗೆಲ್ಲ ಕೇಳಿದವರಿಗೆ ಕರಾರು ಕಾಗದವಿಲ್ಲದೆ ನಂಬರು ಕೊಡುತ್ತಿದ್ದರಂತೆ. ಕಂಪ್ಯೂಟರ್ ಬರಲಿಲ್ಲ. ನಂಬರುಗಳು ಬಂದವು.

ಸಂಘದ ಕಾರ್ಯದರ್ಶಿ ನಮ್ಮ ತಾತ ಯರ್ರಪ್ಪ. ಅದುವರೆಗೆ ಕುರಿಗಾರರಿಗೆ ನಂಬರು ಅಂತ ಬಂದದ್ದೆಲ್ಲ ದನದ ಆಸ್ಪತ್ರೆಯವರು ಕುರಿ ಕಿವಿಗೆ ಚುಚ್ಚುವ ಬಿಲ್ಲೆಯ ನಂಬರೇ ಆಗಿದ್ದರಿಂದ, ಇದೂ ಅದೇ, ಈ ಸಲ ಬಿಲ್ಲೆ ಕಳಿಸುವುದನ್ನು ಮರೆತಿದ್ದಾರೆ ಎಂದು ತಾತ ತಿಳಿದುಕೊಂಡ. ಬಿ.ಜಿ. ಕೆರೆಯಲ್ಲಿ ಸಭೆ ಕರೆದು, ಎಲೆ ಅಡಿಕೆ ಕೊಟ್ಟು, ಮನೆಗೊಂದರಂತೆ ಹಂಚಿಬಿಟ್ಟ. ಉದ್ದ ನಂಬರಿನಲ್ಲಿ ಕೊನೆಯ ತುಂಡು ಮಾತ್ರ ಬೇರೆ ಬೇರೆ ಇದ್ದುದರಿಂದ ಆ ತುಂಡನ್ನಷ್ಟೇ ಬಿಳಿ ಬಣ್ಣದಲ್ಲಿ ಕರಿ ಕುರಿಗಳ ಬೆನ್ನ ಮೇಲೆ ಬರೆಸಿದ. ಸೊನ್ನೆಯನ್ನು ಯಾವ ಮನೆಯವರೂ ಮುಟ್ಟಲಿಲ್ಲ. ಕೊನೆಯ ನಂಬರು ದೇವರ ಕುರಿಗಳಿಗೆ ಮೀಸಲಾಯಿತು. ಮೊನ್ನೆ ಕ್ಲಾಸಿನಲ್ಲಿ ಲೆಕ್ಚರರು, ಇಂಥ ಸಾಲಿನ ಮೊದಲ ನಂಬರನ್ನೂ ಕೊನೆಯ ನಂಬರನ್ನೂ ಯಾವ ಯಂತ್ರಕ್ಕೂ ಕೊಡುವ ಹಾಗಿಲ್ಲ, ಕೊನೆಯದಕ್ಕೆ ಕಳಿಸಿದ್ದು ಎಲ್ಲರಿಗೂ ಮುಟ್ಟುತ್ತದೆ ಎಂದು ಪಾಠ ಮಾಡಿದಾಗ, ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ ಭಕ್ತಿಯಿಂದ ತಲೆಯಾಡಿಸಿದೆ.

ನಮ್ಮ ಮನೆಗೆ ಬಂದದ್ದು ಹನ್ನೆರಡು. ಅಣ್ಣತಮ್ಮಂದಿರು ಬೇರೆಯಾದ ಮನೆಗಳಲ್ಲಿ ನಂಬರೂ ಪಾಲಾಗಿದೆ. ನಮ್ಮ ಹಟ್ಟಿಯ ಕಾಮಣ್ಣನ ಕುರಿಗೆ ನಲವತ್ತೊಂದು ಎಡಮಗ್ಗುಲಿಗಿದ್ದರೆ ಅವನ ತಮ್ಮನ ಕುರಿಗೆ ಅದೇ ನಲವತ್ತೊಂದು ಬಲಮಗ್ಗುಲಿಗಿದೆ. ತಾವು ಕಳಿಸಿದ 'ಪ್ರತಿ ನಂಬರಿನ ಸದ್ಯದ ಬಳಕೆಯನ್ನು ವಿವರಿಸಿ' ಎಂಬ ಪ್ರಶ್ನೆಗೆ ನಾನು ಇದನ್ನೆಲ್ಲ ಪ್ರಾಮಾಣಿಕವಾಗಿ ವಿವರಿಸಿದ್ದೆ. 'ತಮ್ಮ ದೂರನ್ನು ಪರಿಹರಿಸಲಾಗಿದೆ' ಎಂದು ಉತ್ತರ ಬಂತು. ಅದು ದೂರೇ ಆಗಿರಲಿಲ್ಲ. ಕೊಡದ ದೂರನ್ನೂ ಪರಿಹರಿಸುವ ತಮ್ಮ ಮುತುವರ್ಜಿಗೆ ಏನೆನ್ನಲಿ!

ಈಗ ಹನ್ನೆರಡರ ಕಥೆ. ಕೆಲವು ವರ್ಷಗಳ ಹಿಂದೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆಂದು ಬಂದು, ಮಂದೆಯ ಮುಂದೆ ನಡೆಯುವ ಟಗರುಗಳ ಕೊರಳಿಗೆ ಬಿಸಿಲಲ್ಲೇ ಚಾರ್ಜ್ ಆಗುವ ಪಟ್ಟಿ ಕಟ್ಟಿದರು. ಮಂದೆ ಎಲ್ಲಿದೆ ಎಂಬುದನ್ನು ಆ ಪಟ್ಟಿ, ಚಳ್ಳಕೆರೆಯಲ್ಲಿ ಸೋಮಶೇಖರಪ್ಪನವರ ಎಣ್ಣೆ ಮಿಲ್ಲಿನ ಹಿಂದಿನ ಕೋಣೆಯಲ್ಲಿರುವ ಕಂಪ್ಯೂಟರಿಗೆ ತಿಳಿಸುತ್ತದೆ. ಅದು ನಕ್ಷೆಯ ಮೇಲೆ ಒಂದು ಚುಕ್ಕಿ ಇಟ್ಟು ತೋರಿಸುತ್ತದೆ. ಆ ಕಂಪ್ಯೂಟರಿಗೆ ಎಂದೂ ಬದಲಾಗದ ನಂಬರು ಎಲ್ಲಿಂದ ತರುವುದು ಎಂದು ಹುಡುಗರು ಪೇಚಾಡುತ್ತಿದ್ದಾಗ ತಾತ, 'ಅದಕ್ಯಾಕ್ರಪ್ಪಾ ಯೋಚ್ನೆ, ನಮ್ದೇ ಹಾಕ್ಕಳ್ರಿ, ಹನ್ನೆರ್ಡು' ಎಂದು ಸಂಘದ ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ ಮಂಜೂರಾತಿ ಪತ್ರವನ್ನು ತೋರಿಸಿದನಂತೆ. ಹುಡುಗರು ಅದನ್ನು ಎರಡೆರಡು ಸಲ ಓದಿಕೊಂಡು ತಾತನ ಕಾಲಿಗೆ ಬಿದ್ದರಂತೆ. ಅಂದಿನಿಂದ ಎಲ್ಲ ಪಟ್ಟಿಗಳ ಹೊಟ್ಟೆಯಲ್ಲೂ ಆ ನಂಬರೇ ಇದೆ. ಬದಲಿಸಬೇಕಾದರೆ ಮೂರು ಜಿಲ್ಲೆಯಲ್ಲಿ ಮೇಯುತ್ತಿರುವ ಟಗರುಗಳನ್ನು ಒಂದೊಂದಾಗಿ ಹಿಡಿಯಬೇಕು.

ಸುಗ್ಗಿ ಮುಗಿದ ಮೇಲೆ ತಾತ ಮಂದೆ ಹೊಡೆದುಕೊಂಡು ಹೊರಟರೆ ಮತ್ತೆ ಹಟ್ಟಿಗೆ ಬರುವುದು ಮಳೆ ಬಿದ್ದ ಮೇಲೆ. ಮೊಬೈಲನ್ನು ಮನೆಯ ಗೂಟಕ್ಕೆ ನೇತುಹಾಕಿ ಹೋಗುತ್ತಾನೆ, ಹೊಲದಲ್ಲಿ ಚಾರ್ಜ್ ಮಾಡುವವರು ಯಾರು ಅಂತ. ತಾತನಿಗೆ ಶುಗರ್ ಇದೆ. ಮಾತ್ರೆಗಳನ್ನು ಒಟ್ಟಿಗೇ ಕಟ್ಟಿಕೊಟ್ಟರೆ, ದಾರಿಯಲ್ಲಿ ತಲೆ ತಿರುಗುತ್ತದೆ ಎಂದವರಿಗೆಲ್ಲ ಒಂದೊಂದು ಕೊಟ್ಟು ಖಾಲಿ ಮಾಡುತ್ತಾನೆ; ಹಂಚುವುದು ಅವನ ರಕ್ತದಲ್ಲೇ ಇದೆ. ಹೀಗಾಗಿ ವಾರಕ್ಕೆ ಆಗುವಷ್ಟನ್ನು ಮಾತ್ರ ನಮ್ಮ ಅಜ್ಜಿ ಕ್ಯಾತಮ್ಮ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯೊಳಗಿಟ್ಟು ಬಸ್ಸಿಗೆ ಹಾಕುತ್ತಾಳೆ. ಬೆಳಿಗ್ಗೆ ನಾನು ಹಾಸ್ಟೆಲಿನಲ್ಲಿ ಹಲ್ಲುಜ್ಜುವ ಮೊದಲೇ ಅವಳ ಫೋನು: 'ಅಮ್ಮಿ, ನಿಮ್ ತಾತ ಎಲ್ಲದಾನೆ ನೋಡೇ.' ನಾನು ಚುಕ್ಕಿ ನೋಡಿ ಊರು ಹೇಳುತ್ತೇನೆ. ಕಂಡಕ್ಟರ್ ಜೋಗಪ್ಪ ಆ ಊರಿನ ಗೇಟಿನ ಅಂಗಡಿಯಲ್ಲಿ ಬುತ್ತಿ ಇಳಿಸುತ್ತಾನೆ, ಬಸ್ಸಿನ ಹೊತ್ತು ತಿಳಿದ ತಾತ ಬಂದು ಒಯ್ಯುತ್ತಾನೆ. ತಾವು ಸುರಕ್ಷಿತವಲ್ಲದ ಹಳೆಯ ವ್ಯವಸ್ಥೆ ಎಂದು ಕರೆದಿರುವುದು ಇದನ್ನೇ.

ಸಂಘದ ತಾಂತ್ರಿಕ ಸಂಪರ್ಕ ವ್ಯಕ್ತಿಯೆಂದು ನನ್ನ ಇ-ಮೇಲಿಗೆ ತಮ್ಮ ನೋಟೀಸು ಬಂದಾಗ ತಾತ ಇನ್ನೂ ಹಟ್ಟಿಯಲ್ಲೇ ಇದ್ದ. ಒಪ್ಪಂದವನ್ನು ಕಟ್ಟೆಯ ಮೇಲೆ ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳುವ ಭಾಗ್ಯ ನನ್ನದಾಯಿತು. ನಂಬರುಗಳು ಪಡೆದವರ ಆಸ್ತಿಯಲ್ಲ, ಬಳಸುವ ಹಕ್ಕು ಮಾತ್ರ ಅವರದು ಎಂಬ ಕಲಮು ಬಂದಾಗ ಈಗ ಜಗಳವಾಗುತ್ತದೆ ಎಂದು ನಾನು ದನಿ ತಗ್ಗಿಸಿ ಓದಿದೆ. ತಾತ ನಕ್ಕುಬಿಟ್ಟ. 'ಇದ್ರಾಗೇನೈತಮ್ಮಿ ಹೊಸಾದು? ಕಾವಲ್‌ನಾಗಿನ ಹುಲ್ಲೂ ಹಂಗೇ ಅಲ್ವಾ? ಹುಲ್ಲು ನಮ್ದಲ್ಲ, ಮೇಯ್ಸೋದು ನಮ್ದು. ಮುಂದಕ್ಕೋದು.' ಮುಂದಕ್ಕೆ ಓದಿದೆ. ಕಚೇರಿಯು ತನಗೆ ಸೂಕ್ತವೆನಿಸಿದಾಗ ಷರತ್ತು ಬದಲಿಸಬಹುದು, ಸೇವೆ ನಿಲ್ಲಿಸಬಹುದು, ಅದರಿಂದಾದ ಯಾವ ನಷ್ಟಕ್ಕೂ ಹೊಣೆಯಲ್ಲ ಎಂಬಲ್ಲಿಗೆ ಬಂದಾಗ ಕಾಮಣ್ಣ ಬೀಡಿ ನೆಲಕ್ಕೊತ್ತಿ, 'ಹಂಗಾರೆ ಇದು ಹುಲ್ಲಲ್ಲ ಬಿಡ್ರಲೇ, ಬೇಲಿ' ಅಂದ. ತಾತ ಕೇಳಿದ್ದು ಒಂದೇ ಮಾತು: 'ಸಹಿ ಮಾಡಿದ್ರೆ ನಿಮ್ಮಜ್ಜಿಗೆ ಚುಕ್ಕಿ ಕಾಣ್ತೈತಾ? ಹಂಗಾರೆ ಕೊಡು ಪೆನ್ನು.' ಪ್ರತಿ ಪುಟಕ್ಕೂ ಸಹಿ ಮಾಡಿ ಮಂದೆ ಹೊಡೆದುಕೊಂಡು ಹೊರಟ.

ಆ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಮೇಲಲ್ಲವೇ ತಮ್ಮ ವ್ಯವಸ್ಥೆಯ ಸೊಬಗು ನನಗೆ ತಿಳಿದದ್ದು! ಕಾಗದದ ಸಹಿ ಅಮಾನ್ಯ, ದಾಖಲೆಯಲ್ಲಿರುವ ಇ-ಮೇಲಿಗೆ ಕಳಿಸಿರುವ ಕೊಂಡಿಯನ್ನು ಶ್ರೀ ಯರ್ರಪ್ಪನವರೇ ಒತ್ತಬೇಕು ಎಂದಿರಿ. ಆ ಇ-ಮೇಲ್ ಆ ಯೋಜನೆಯ ಆಫೀಸಿನದು, ಆಫೀಸು ಮುಚ್ಚಿ ಯಾವ ಕಾಲವಾಯಿತೋ ಎಂದೆ. ಹಾಗಾದರೆ ಇ-ಮೇಲ್ ಬದಲಿಸಿಕೊಳ್ಳಿ, ಬದಲಿಸುವ ಕೊಂಡಿಯನ್ನು ಹಳೆಯ ಇ-ಮೇಲಿಗೇ ಕಳಿಸಿದ್ದೇವೆ ಎಂದಿರಿ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಬರುವವರನ್ನು ನಾನು ಹಾಸ್ಟೆಲಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಅದನ್ನೇ ನಿಯಮ ಮಾಡಿ ಅಚ್ಚು ಹಾಕಿಸಿದವರನ್ನು ನೋಡಿದ್ದು ಇದೇ ಮೊದಲು. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸಿದ್ದು ಇವತ್ತಿಗೂ ಇದೆ. ಬರೆಸಿದವರೇ ಬಂದು ಕೊಂಡಿ ಒತ್ತಲಿ ಎಂದು ಇಷ್ಟು ಶತಮಾನವಾದರೂ ಯಾರೂ ಕೇಳದಿರುವುದು ನಮ್ಮ ಕಡೆಯ ಬೇಜವಾಬ್ದಾರಿಯಲ್ಲದೆ ಮತ್ತೇನು?

ಕೊನೆಗೆ ತಾವು ದೊಡ್ಡ ಮನಸ್ಸು ಮಾಡಿ, ಶ್ರೀ ಯರ್ರಪ್ಪನವರು ಕಚೇರಿ ಸಮಯದಲ್ಲಿ ವಿಡಿಯೋ ಕರೆಯಲ್ಲಿ ಮುಖ ತೋರಿಸಿದರೂ ಆದೀತು ಎಂದಿರಿ. ಧನ್ಯಳಾದೆ. ಇಂಟರ್ನಲ್ಸ್ ಮುಗಿದ ಮಾರನೇ ದಿನವೇ ಬುತ್ತಿಯ ಜೊತೆ ನಾನೂ ಬಸ್ ಹತ್ತಿ, ಚುಕ್ಕಿ ಇರುವಲ್ಲಿ ಇಳಿದು, ತಾತನ ಮುಖಕ್ಕೆ ನನ್ನ ಮೊಬೈಲ್ ಹಿಡಿಯುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಮಿಲ್ಲಿಗೆ ಇಂಟರ್ನೆಟ್ ಕೊಟ್ಟಿರುವ ಮುರುಗೇಶ್ ಅಣ್ಣ ಹಾಸ್ಟೆಲಿನ ಗೇಟಿಗೇ ಬಂದ. 'ನೋಡಮ್ಮ, ಒಪ್ಪಂದ ಆದೋರಿಗೆ ಮಾತ್ರ ಆ ಆಫೀಸ್ನೋರು ಸರ್ಟಿಫಿಕೇಟ್ ಕೊಡ್ತಾರೆ. ಸರ್ಟಿಫಿಕೇಟ್ ಇಲ್ದಿರೋ ನಂಬರ್ ಇನ್ಮೇಲೆ ಹೊರಲ್ಲ ಅಂತ ನಮ್ಗೆ ಲೈನ್ ಕೊಟ್ಟಿರೋ ಮೇಲಿನ ಕಂಪ್ನಿಯೋರು ಅಂತಾರೆ. ನಂದೇನೈತೆ ಹೇಳು' ಎಂದು, ತಾನೇ ಯಾರದೋ ಕುರಿ ಕದ್ದವನಂತೆ ತಲೆ ತಗ್ಗಿಸಿ ನಿಂತ.

ಸೋಮವಾರದಿಂದ ಹನ್ನೆರಡನೇ ನಂಬರು ಯಾರಿಗೂ ಸಿಗುತ್ತಿಲ್ಲ. ಮಿಲ್ಲಿನ ಕೋಣೆಯಲ್ಲಿ ಕಂಪ್ಯೂಟರ್ ಗುಯ್ಗುಡುತ್ತಲೇ ಇದೆ, ಟಗರಿನ ಕೊರಳಲ್ಲಿ ಪಟ್ಟಿಯೂ ಇದೆ, ನಡುವಿನ ದಾರಿ ಮಾತ್ರ ಇಲ್ಲ. ಕಡೆಯ ಚುಕ್ಕಿ ಕಂಡದ್ದು ರಾಂಪುರದ ಆಚೆ. ಅಲ್ಲಿಂದ ತಾತ ಬ್ರಹ್ಮಗಿರಿಯ ಕಡೆಗೆ ತಿರುಗಿದನೋ, ಗಡಿ ದಾಟಿ ರಾಯದುರ್ಗದ ಕಡೆಗೆ ಇಳಿದನೋ ತಿಳಿಯದು. ಅಜ್ಜಿ ಅಂದಾಜಿನ ಮೇಲೆ ರಾಂಪುರಕ್ಕೆ ಹಾಕಿದ ಬುತ್ತಿ ಸಂಜೆ ಬಸ್ಸಿಗೆ ಹಾಗೇ ವಾಪಸ್ ಬಂತು, ಥೇಟು ತಮ್ಮ ಇ-ಮೇಲಿನ ಹಾಗೆ. ಅವಳು ಹಳೇ ರೊಟ್ಟಿ ತೆಗೆದು ಹೊಸ ರೊಟ್ಟಿ ಇಟ್ಟು ದಿನವೂ ಅದನ್ನು ಮತ್ತೆ ಹತ್ತಿಸುತ್ತಿದ್ದಾಳೆ. ಮಾತ್ರೆ ಮಾತ್ರ ಅವೇ. ಈಗ ಬೆಳಿಗ್ಗೆ ಅವಳ ಫೋನು ಬಂದರೆ ನನಗೆ ಎತ್ತುವುದಕ್ಕೇ ಹೆದರಿಕೆ. 'ಸರ್ವರ್ ಡೌನ್ ಅಜ್ಜಿ' ಅಂದರೆ, 'ಹಂಗಂದ್ರೆ ಯಾ ಊರು ತಾಯಿ?' ಅನ್ನುತ್ತಾಳೆ.

ಒಟ್ಟಿನಲ್ಲಿ ಪರಿಸ್ಥಿತಿ ತಮಗೆ ಮನವರಿಕೆಯಾಗಿರಬೇಕು. ನಂಬರು ಉಳಿಯಬೇಕಾದರೆ ತಾತ ಸಿಗಬೇಕು, ತಾತ ಸಿಗಬೇಕಾದರೆ ನಂಬರು ಉಳಿಯಬೇಕು. ಇಷ್ಟು ದುಂಡಗಿನ ವ್ಯವಸ್ಥೆಯನ್ನು ಕಟ್ಟುವುದಕ್ಕೆ ತಾವೆಷ್ಟು ಓದಿರಬೇಕು!

ಹೀಗಿರಲಾಗಿ, ತಮ್ಮಲ್ಲಿ ನನ್ನದೊಂದು ವಿನಮ್ರ ಬೇಡಿಕೆ. ಅದರ ಹೆಸರೇ ಸೇವಾ ಒಪ್ಪಂದವಾದ್ದರಿಂದ ಸೇವೆಯನ್ನೂ ತಾವೇ ವಹಿಸಿಕೊಳ್ಳಬೇಕು. ನಾಳೆಯಿಂದ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ತಮ್ಮ 'ತಂಡ'ದ ಒಬ್ಬರು ಕ್ಯಾತಮ್ಮನಿಗೆ ಫೋನು ಮಾಡಿ ಯರ್ರಪ್ಪ ಯಾವ ಊರಿನ ಹೊಲದಲ್ಲಿದ್ದಾನೆ ಎಂದು ತಿಳಿಸತಕ್ಕದ್ದು. ಇಂಗ್ಲಿಷಿನಲ್ಲಿ ಹೇಳಿದರೆ ಅವಳು ತೆಲುಗಿನಲ್ಲಿ ಬೈಯುತ್ತಾಳೆ, ಆದ್ದರಿಂದ ಕನ್ನಡದಲ್ಲೇ ತಿಳಿಸತಕ್ಕದ್ದು. ತಾತ ಸಿಕ್ಕಮೇಲೆ ಶುಗರ್ ಮಾತ್ರೆ ನುಂಗಿದನೇ, ಹಂಚಿದನೇ ಎಂಬುದನ್ನು ದೃಢೀಕರಿಸತಕ್ಕದ್ದು. ಕಾಮಣ್ಣನ ಮನೆಯ ನಲವತ್ತೊಂದರಲ್ಲಿ ಎಡಮಗ್ಗುಲಿನವರು ಒಪ್ಪಂದಕ್ಕೆ ಒಪ್ಪಿ ಬಲಮಗ್ಗುಲಿನವರು ಒಪ್ಪದಿದ್ದಲ್ಲಿ ಅರ್ಧ ನಂಬರನ್ನು ನೋಂದಾಯಿಸಿಕೊಳ್ಳುವ ಏರ್ಪಾಡು ಮಾಡತಕ್ಕದ್ದು. ದೇವರ ನಂಬರಿಗೆ ಸಹಿ ಯಾರದೆಂದು ತಾವೇ ಗುಡಿಗೆ ಬಂದು ಕೇಳತಕ್ಕದ್ದು, ಬರುವಾಗ ವಿಡಿಯೋ ಕರೆಗೆ ಬೇಕಾದ ಚಾರ್ಜರ್ ತರತಕ್ಕದ್ದು. ಈ ಪೈಕಿ ಯಾವುದೂ ತಮ್ಮಿಂದ ಆಗದಿದ್ದರೆ ದಯಮಾಡಿ ಒಂದೇ ಒಂದು ವಾರದ ಮಟ್ಟಿಗೆ ದಾರಿ ಬಿಟ್ಟುಕೊಡಿ. ಚುಕ್ಕಿ ಕಂಡರೆ ಸಾಕು, ಮಿಕ್ಕಿದ್ದನ್ನು ಅಜ್ಜಿ, ಜೋಗಪ್ಪ ಮತ್ತು ಬಸ್ಸು ನೋಡಿಕೊಳ್ಳುತ್ತಾರೆ.

ತಮ್ಮ ಕಡೆಯಿಂದ ಇನ್ನೂ ದೃಢೀಕರಣಗೊಳ್ಳದ,
ತಮ್ಮ ವಿಶ್ವಾಸಿ,
ಸ್ವಪ್ನ
ತಾಂತ್ರಿಕ ಸಂಪರ್ಕ ವ್ಯಕ್ತಿ, ಕುರಿಗಾರರ ಸಂಘ
ಹೆಣ್ಣುಮಕ್ಕಳ ಹಾಸ್ಟೆಲ್, ಚಳ್ಳಕೆರೆ

ಮರೆತ ಮಾತು: ಪತ್ರವನ್ನು ಪತ್ರಿಕೆಗೆ ಕೊಡಲು ಹೊರಟಿದ್ದೆ, ಅಷ್ಟರಲ್ಲಿ ಅಜ್ಜಿಯ ಫೋನು ಬಂತು. ಹೆದರುತ್ತಲೇ ಎತ್ತಿದೆ. ಇವತ್ತು ಬ್ರಹ್ಮಗಿರಿಯ ಬಗಲಿನ ಸಿದ್ದಾಪುರದ ಹತ್ತಿರ ಕುರಿ ಮಂದೆಯೊಂದು ರಸ್ತೆಗೆ ಅಡ್ಡ ಬಂದು ಬಸ್ ನಿಂತಿತಂತೆ. ಜೋಗಪ್ಪ ಬೈಯಲು ತಲೆ ಹೊರಗೆ ಹಾಕಿದವನು ಕುರಿಗಳ ಬೆನ್ನ ಮೇಲೆ ಬಿಳಿ ಬಣ್ಣದ ಹನ್ನೆರಡು ನೋಡಿ, ಬೈಗುಳ ಬಾಯಲ್ಲೇ ಇಟ್ಟುಕೊಂಡು, ಬುತ್ತಿ ಹಿಡಿದು ಇಳಿದನಂತೆ. ತಮ್ಮ ಸರ್ಟಿಫಿಕೇಟನ್ನು ಕೇಳುವುದು ಅವನಿಗೆ ಹೊಳೆಯಲಿಲ್ಲ, ಕ್ಷಮೆಯಿರಲಿ. ತಾತ ಅವನ ಮುಂದೆಯೇ ಮಾತ್ರೆ ನುಂಗಿ ನೀರು ಕುಡಿದು, ತಮಗೂ ಒಂದು ಮಾತು ಹೇಳಿ ಕಳಿಸಿದ್ದಾನೆ: 'ಆ ಆಫೀಸ್ನೋರಿಗೆ ತಿಳಿಸು ಅಂತ ನಮ್ ಹುಡುಗಿಗೆ ಹೇಳಪ್ಪಾ. ನಾನಂತೂ ಸಿಕ್ಕೀನಿ. ಇನ್ನ ಅವ್ರು ಸಿಗ್ಬೇಕಷ್ಟೇ.'