ಲಿಂಡೆನ್ ಬೀದಿಯ ತಾಮ್ರದ ಪಾಲು

ಭಾನುವಾರ ಪ್ರಾರ್ಥನೆ ಮುಗಿದು, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಮಾವಿಸ್ ಕ್ರಾಲ್ ಬಾಯಿ ಮುಚ್ಚಿಕೊಂಡಿದ್ದರೆ ಆರ್ಲೆನ್ ಟ್ವೀಟೆನ್‌ನ ಗುರುವಾರ ನೆಟ್ಟಗೆ ಕಳೆಯುತ್ತಿತ್ತು. ಅವಳು ಮುಚ್ಚಿಕೊಳ್ಳಲಿಲ್ಲ.

"ಗುರುವಾರ ನಮ್ಮ ಆರ್ಲೆನ್ ನಮ್ಮ ಬೀದಿ ಮ್ಯಾನ್‌ಹೋಲಿಗೆ ಬಾಟ್ಲಿ ಇಳಿಸ್ತಾನಂತೆ. ಮನೆಗಳಿಂದ ತಾಮ್ರ ಕಡಿಮೆ ಹೋದಷ್ಟೂ ಲೈಲ್ ಕಾರ್ಖಾನೆಗೆ ಜಾಸ್ತಿ ಪಾಲು ಸಿಗುತ್ತಂತೆ. ನಮ್ಮ ಕೈಲಾದ್ದು ನಾವೂ ಮಾಡೋದು ಬೇಡ್ವಾ?"

ಆ ಮಾತು ಕೇಳದೆ ಹೋದವನು ಆರ್ಲೆನ್ ಒಬ್ಬನೇ. ಹೆಂಡತಿ ವರ್ನಾ ತೀರಿಕೊಂಡ ಮೇಲೆ ಅವನಿಗೆ ಆ ಕಾಫಿಯ ಮೇಜಿನ ಮುಂದೆ ಕೂರಲು ಮನಸ್ಸು ಬರುತ್ತಿರಲಿಲ್ಲ. ಕೊನೆಯ ಆಮೆನ್ ಆಗುತ್ತಲೇ ಕೋಟು ಹಾಕಿಕೊಂಡು ಹೊರಟುಬಿಡುತ್ತಿದ್ದ.

ಆರ್ಲೆನ್ ಊರಿನ ಕೊಳಚೆನೀರು ಶುದ್ಧಮಾಡುವ ಸ್ಥಾವರದಲ್ಲಿದ್ದ. ಕಾರ್ಖಾನೆಗಳು ಚರಂಡಿಗೆ ಎಷ್ಟು ಲೋಹ ಬಿಡಬಹುದು ಎಂಬ ಮಿತಿ ಗೊತ್ತುಮಾಡುವುದು ಅವನ ಕೆಲಸ. ಊರಿನಲ್ಲಿ ಲೋಹದ ಕಾರ್ಖಾನೆ ಇದ್ದದ್ದು ಒಂದೇ, ಬಾಗಿಲ ಹಿಡಿಗಳಿಗೆ ತಾಮ್ರದ ಲೇಪ ಕೊಡುವ ಲೈಲ್ ಬ್ರಂಕೋನದು. ಸ್ಥಾವರ ತಾಳಿಕೊಳ್ಳುವ ತಾಮ್ರದಲ್ಲಿ ಮನೆಗಳ ಪಾಲು ಕಳೆದು ಉಳಿದದ್ದು ಲೈಲ್‌ಗೆ. ಅದಕ್ಕೆ ಗುರುವಾರ ಮನೆಗಳ ನೀರೊಂದು ಬಾಟಲಿ, ಸ್ಥಾವರದ ಬಾಗಿಲಿಗೆ ಬರುವ ಇಡೀ ಊರಿನ ನೀರೊಂದು ಬಾಟಲಿ ಹಿಡಿದು ಅಂದೇ ರಾತ್ರಿಯೊಳಗೆ ರಾಜ್ಯದ ಕಚೇರಿಗೆ ಕಳಿಸಬೇಕು. ತಪ್ಪಿದರೆ ರಾಜ್ಯದವರೇ ಒಂದು ಅಂಕಿ ಹೇರುತ್ತಾರೆ. ಆ ಅಂಕಿಯಲ್ಲಿ ಲೈಲ್ ಒಂದು ಚಮಚಕ್ಕೂ ಲೇಪ ಹಾಕಲಾರ. ಕಾರ್ಖಾನೆ ಮುಚ್ಚಿದರೆ ಆರ್ಲೆನ್‌ನದೇ ಲಿಂಡೆನ್ ಬೀದಿಯ ಅರ್ಧ ಮನೆಗಳ ಸಂಬಳ ನಿಂತಂತೆ. ವರ್ನಾ ಹಾಸಿಗೆ ಹಿಡಿದಿದ್ದಾಗ ಚಳಿಗಾಲವೆಲ್ಲ ಅವನಿಗೆ ಬಿಸಿ ಊಟ ತಂದುಕೊಟ್ಟ ಮನೆಗಳು ಅವು. ದೇವರು ಆ ಋಣ ತೀರಿಸಲು ಒಂದು ದಾರಿ ತೋರಿಸಿದ್ದಾನೆ ಎಂದೇ ಆರ್ಲೆನ್ ನಂಬಿದ್ದ.

ಗುರುವಾರ ಬೆಳಿಗ್ಗೆ ಮ್ಯಾನ್‌ಹೋಲಿನ ಮುಚ್ಚಳ ಎತ್ತಿ, ನೀರು ಹೀರಿ ಬಾಟಲಿ ತುಂಬುವ ಯಂತ್ರದ ಕೊಳವೆ ಇಳಿಬಿಟ್ಟ. ಕೆಳಗೆ ಸದ್ದೇ ಇಲ್ಲ. ಇಡೀ ಬೀದಿ ಏಳುವ ಹೊತ್ತಿನಲ್ಲಿ ಚರಂಡಿ ಬೇಸಿಗೆಯ ಹಳ್ಳದ ಹಾಗೆ ಒಣಗಿತ್ತು.

ಎದುರುಮನೆಯ ಜಗುಲಿಯಲ್ಲಿ ಗೇಲನ್ ನಿಂತಿದ್ದ. ಲೈಲ್ ಹತ್ತಿರ ದುಡಿದು ನಿವೃತ್ತನಾದ ಮುದುಕ. ಗಡ್ಡ ಹೆರೆದಿಲ್ಲ, ಕಾಲಿಗೆ ಕಾಲು ಹೆಣೆದುಕೊಂಡು ಕಂಬ ಹಿಡಿದಿದ್ದಾನೆ.

"ಏನಾಯ್ತು ಗೇಲನ್? ಮೈ ಹುಷಾರಿಲ್ವಾ?"

"ಹಿಡ್ಕೊಂಡಿದೀನಿ ಕಣೋ. ನಿನಗೋಸ್ಕರ. ನೀನು ಬೇಗ ಬೇಗ ಬಾಟ್ಲಿ ತುಂಬ್ಕೊ."

ಅಷ್ಟರಲ್ಲಿ ಮಾವಿಸ್‌ಳ ಕಾರು ಬಂದು ನಿಂತಿತು. ಒಳಗಿನಿಂದ ಟವಲು ಹೆಗಲ ಮೇಲೆ ಹಾಕಿಕೊಂಡ ನೆರೆಯವರು ಒಬ್ಬೊಬ್ಬರಾಗಿ ಇಳಿದರು.

"ಹೆದ್ದಾರಿ ಪೆಟ್ರೋಲ್ ಬಂಕಿಗೆ ಹೋಗಿದ್ವಿ" ಎಂದಳು ಮಾವಿಸ್, ಹೆಮ್ಮೆಯಿಂದ. "ಬೀದಿಗೆ ಬೀದೀನೇ ಅಲ್ಲಿನ ಟಾಯ್ಲೆಟ್ ಮುಂದೆ ಸಾಲು ನಿಂತಿತ್ತು ಆರ್ಲೆನ್. ಬಂಕಿನವನು ಹೆದರಿ, ಊಟದಲ್ಲಿ ಏನಾದ್ರೂ ವಿಷ ಬಿತ್ತಾ ಅಂತ ಕೇಳ್ದ. ನಮ್ಮ ಬೀದಿಯಿಂದ ನಿನಗೆ ಒಂದು ತೊಟ್ಟೂ ಬರಲ್ಲ, ನಿಶ್ಚಿಂತೆಯಾಗಿರು!"

ಆರ್ಲೆನ್ ತಲೆಯ ಮೇಲೆ ಕೈಹೊತ್ತ. "ಅಯ್ಯೋ ಪುಣ್ಯಾತ್ಗಿತ್ತಿ! ನಮ್ಮ ಮನೆಗಳ ಪೈಪೆಲ್ಲಾ ತಾಮ್ರದ್ದು. ನೀರು ಹರೀದೆ ಅದರೊಳಗೆ ನಿಂತರೆ ಡಿಕಾಕ್ಷನ್ ಇಳಿದ ಹಾಗೆ ತಾಮ್ರ ಇಳಿಯುತ್ತೆ. ತೊಟ್ಟಿಕ್ಕೋ ಅಷ್ಟರಲ್ಲೂ ತಾಮ್ರವೇ ಸಿಗುತ್ತೆ. ನೀವು ಎಂದಿನ ಹಾಗೆ ಬದುಕಿದ್ರೆ ಸಾಕಿತ್ತು!"

"ಎಂದಿನ ಹಾಗೆ ಅಂದ್ರೆ?"

"ಸ್ನಾನ ಮಾಡಿ, ಬಟ್ಟೆ ಒಗೀರಿ, ಆಮೇಲೆ... ಅದೂ ಮಾಡಿ."

ಕೊನೆಯ ಮಾತು ಮುಗಿಯುವ ಮೊದಲೇ ಗೇಲನ್ ಜಗುಲಿಯಲ್ಲಿರಲಿಲ್ಲ.

ಆರ್ಲೆನ್ ಮನೆಮನೆಯ ಬಾಗಿಲು ತಟ್ಟಿ, ಟೋಪಿ ಕೈಯಲ್ಲಿ ಹಿಡಿದು, ದಯವಿಟ್ಟು ಶೌಚಾಲಯ ಉಪಯೋಗಿಸಿ ಎಂದು ಬೇಡಿಕೊಂಡ. ಬೀದಿಗೆ ಹೊಸದಾಗಿ ಬಂದಿದ್ದ ದಂಪತಿ ಬಾಗಿಲ ಸಂದಿಯಿಂದಲೇ ಅವನನ್ನು ನೋಡಿ ಚಿಲಕ ಹಾಕಿಕೊಂಡರು. ಮಾವಿಸ್ ಇನ್ನೊಂದು ಕಡೆಯಿಂದ ಫೋನು ಹಿಡಿದಳು. ಚರ್ಚಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಒಬ್ಬರು ಇನ್ನೊಬ್ಬರಿಗೆ ತಿಳಿಸುತ್ತಿದ್ದ ಸರಪಳಿಯಲ್ಲಿ ಸುದ್ದಿ ಓಡಿತು.

ಅಣೆಕಟ್ಟಿನ ಬಾಗಿಲು ಒಮ್ಮೆಗೇ ತೆರೆದ ಹಾಗಾಯಿತು. ಮ್ಯಾನ್‌ಹೋಲಿನಲ್ಲಿ ನೀರು ಭೋರ್ಗರೆದು, ಯಂತ್ರದ ಕೊಳವೆ ಹಾವಿನಂತೆ ಹೆಡೆಯೆತ್ತಿತು. ಮಾವಿಸ್ ಪರದೆಗಳನ್ನೆಲ್ಲ ಒಗೆಯಲು ಹಾಕಿದಳು. ಗೇಲನ್ ಸ್ನಾನದ ಮೇಲೆ ಸ್ನಾನ ಮಾಡಿ, ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ಹೊಳೆಯುತ್ತ ಹೊರಗೆ ಬಂದ. ಕೈಯಲ್ಲಿ ಒಂದು ಡಬ್ಬಿ.

"ನಿನ್ನ ಬಾಟ್ಲಿಗೆ ನೀರು ಸಲೀಸಾಗಿ ಬರಲಿ ಅಂತ ಪೈಪಿನೊಳಗೆ ಬೆಳೆದಿರೋ ಮರದ ಬೇರಿಗೆ ಔಷಧಿ ಸುರೀತಿದೀನಿ" ಎಂದು ಅಂಗಳದ ಚರಂಡಿ ಪೈಪಿನ ಮುಚ್ಚಳ ತಿರುಗಿಸತೊಡಗಿದ.

ಆರ್ಲೆನ್ ಡಬ್ಬಿಯೊಳಗಿನ ನೀಲಿ ಹರಳು ನೋಡಿದ. ಮೈಲುತುತ್ತ! ಅಪ್ಪಟ ತಾಮ್ರದ ಉಪ್ಪು. ಅಷ್ಟೂ ಚರಂಡಿಗೆ ಬಿದ್ದರೆ ಲಿಂಡೆನ್ ಬೀದಿಯೇ ತಾಮ್ರದ ಗಣಿ ಎಂದು ರಾಜ್ಯದವರು ಘೋಷಿಸುವುದು ಖಂಡಿತ.

"ಬೇಡಾ ಗೇಲನ್!" ಎಂದು ಬೇಲಿ ಹಾರಿದ. ಕಾಲು ಬೇಲಿಗೆ ಸಿಕ್ಕಿ, ಡಬ್ಬಿಯನ್ನು ಅಪ್ಪಿಕೊಂಡೇ ಹುಲ್ಲಿನ ಮೇಲೆ ಬೋರಲು ಬಿದ್ದ.

"ಬೇಕು ಅಂತ ಕೇಳಿದ್ರೆ ಕೊಡ್ತಿದ್ನಲ್ಲೋ" ಎಂದ ಗೇಲನ್. "ಹೀಗೆ ಕಿತ್ಕೋಬೇಕಾ?"

ಪ್ರವಾಹ ಇಳಿದ ಮೇಲೆ ಆರ್ಲೆನ್ ಹಳೆಯ ಬಾಟಲಿ ಚೆಲ್ಲಿ ಹೊಸದು ಇಟ್ಟ. ಯಾರೂ ಇನ್ನೊಂದು ಉಪಕಾರ ಮಾಡದಂತೆ ಸಂಜೆಯವರೆಗೆ ಮ್ಯಾನ್‌ಹೋಲಿನ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕುಳಿತ. ಬಾಟಲಿ ತುಂಬಿತು. ಸ್ಥಾವರದಲ್ಲಿ ತಾನಾಗಿ ತುಂಬಿದ್ದ ಇನ್ನೊಂದನ್ನೂ ತಂದು ಎರಡನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟ.

ಆ ಸಂಜೆ ಅವನ ಅಡುಗೆಮನೆ ತುಂಬ ಜನ. ಮಾವಿಸ್ ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸಿದ ಹಾಟ್‌ಡಿಶ್ ತಂದಿದ್ದಳು. ವರ್ನಾ ಕೂರುತ್ತಿದ್ದ ಕುರ್ಚಿಯಲ್ಲಿ ಗೇಲನ್ ಕೂತುಬಿಟ್ಟಿದ್ದ. ಯಾಕೋ ಆರ್ಲೆನ್‌ಗೆ ಅದರಿಂದ ನೋವಾಗಲಿಲ್ಲ. "ಕರ್ತನೇ, ಈ ಊಟಕ್ಕೂ ಈ ಜನಕ್ಕೂ ಸ್ತೋತ್ರ" ಎಂದು ತಲೆಬಾಗಿದ.

ಎಲ್ಲರೂ ಉಂಡು ಮುಗಿಸುವಷ್ಟರಲ್ಲಿ ಲೈಲ್ ಬ್ರಂಕೋ ಒಳಗೆ ಬಂದ. ಬಂದವನೇ ಆರ್ಲೆನ್‌ನ ಎರಡೂ ಕೈ ಹಿಡಿದುಕೊಂಡ.

"ನನಗಾಗಿ ಇವತ್ತು ಎಷ್ಟು ಒದ್ದಾಡಿದೀಯ ಅಂತ ಕೇಳ್ದೆ ಮಾರಾಯ. ನಾನೂ ಸುಮ್ಮನಿರಲಿಲ್ಲ. ಎಲ್ರಿಗೂ ಸಂಬಳದ ರಜೆ ಕೊಟ್ಟು ಇವತ್ತು ಕಾರ್ಖಾನೆ ಬಂದ್ ಮಾಡಿದ್ದೆ! ನಿನ್ನ ಸ್ಥಾವರಕ್ಕೆ ಒಂದು ಹನಿ ತಾಮ್ರ ಕಳಿಸಿದ್ರೆ ಕೇಳು!"

ಆರ್ಲೆನ್ ಮೆಲ್ಲಗೆ ಕುರ್ಚಿಗೆ ಕುಸಿದ.

"ಲೈಲ್, ನಮ್ಮ ಸ್ಥಾವರ ಎಷ್ಟು ತಾಮ್ರ ಅರಗಿಸಿಕೊಳ್ಳುತ್ತೆ ಅಂತ ತೋರಿಸೋಕೇ ಕಣಪ್ಪಾ ಅಲ್ಲಿನ ಬಾಟ್ಲಿ. ಊಟದ ಪಂದ್ಯಕ್ಕೆ ಭೀಮನಂಥವನನ್ನ ಕೂರಿಸಿ ಖಾಲಿ ಎಲೆ ಹಾಕಿದ ಹಾಗಾಯ್ತು. ಏನೂ ಬರದಿದ್ರೆ ಅದು ಏನನ್ನ ಅರಗಿಸಿ ತೋರಿಸುತ್ತೆ?"

ಅವನು ರಾಜ್ಯದ ಕಚೇರಿಯಲ್ಲಿ ಈ ಅಂಕಿಗಳನ್ನು ನೋಡುತ್ತಿದ್ದ ಡೆನೀಸ್‌ಳ ಮನೆಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ. ಎಂದೂ ನಗದ ಹೆಂಗಸು ಬಹಳ ಹೊತ್ತು ನಕ್ಕಳು. ಕೊನೆಗೆ, "ನಾಳೆ ಒಂದು ದಿನ ಕೊಡ್ತೀನಿ. ಅದು ಬಿಟ್ಟು ಒಂದು ಗಂಟೆಯೂ ಇಲ್ಲ" ಎಂದಳು.

ಕಣ್ಣಲ್ಲಿ ನೀರು ತುಂಬಿಕೊಂಡು ಆರ್ಲೆನ್ ಎಲ್ಲರ ಕಡೆ ತಿರುಗಿದ. "ದೇವರ ದಯೆ. ನಾಳೆ ಲೈಲ್ ಕಾರ್ಖಾನೆ ನಡೆಸಲಿ. ನೀವು ಮಾತ್ರ ಎಂದಿನ ಹಾಗೆ ಇರಿ, ಅಷ್ಟೇ."

"ಅದು ಹೇಗಾಗುತ್ತೆ ಆರ್ಲೆನ್?" ಎಂದಳು ಮಾವಿಸ್. "ಈ ಬೀದೀಲಿ ಒಗೆಯೋಕೆ ಒಂದು ಕರ್ಚೀಫೂ ಉಳಿದಿಲ್ಲ. ಗೇಲನ್ ಅಂತೂ ಬರೋ ಕ್ರಿಸ್‌ಮಸ್‌ವರೆಗಿನ ಸ್ನಾನ ಮುಗಿಸಿದಾನೆ."

ಎಲ್ಲರೂ ಯೋಚಿಸಿದರು. ಆಮೇಲೆ ಮಾವಿಸ್‌ಳ ಮುಖ ಅರಳಿತು. ಅದನ್ನು ನೋಡಿಯೇ ಆರ್ಲೆನ್ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

ಸ್ವಲ್ಪ ಹೊತ್ತಿನಲ್ಲಿ ಲಿಂಡೆನ್ ಬೀದಿಯ ಪ್ರತಿ ಮನೆಯಿಂದಲೂ ರಾತ್ರಿಯೂಟದ ಎಂಜಲು ಪಾತ್ರೆಗಳು ಆರ್ಲೆನ್‌ನ ಅಡುಗೆಮನೆಗೆ ಮೆರವಣಿಗೆಯಲ್ಲಿ ಬಂದವು. ಸಿಂಕು ತುಂಬಿ, ಮೇಜು ತುಂಬಿ, ಕೊನೆಗೆ ಕುರ್ಚಿಗಳ ಮೇಲೂ ನಿಂತವು.

"ನಮ್ಮ ಮೇಲೆ ನಿನಗೆ ನಂಬಿಕೆ ಇಲ್ಲ, ಪಾಪ. ನಿನ್ನ ಮನೆಯೂ ಇದೇ ಬೀದೀಲಿದೆಯಲ್ಲ" ಎಂದು ಮಾವಿಸ್ ಅವನ ಬೆನ್ನು ತಟ್ಟಿದಳು. "ಬೆಳಿಗ್ಗೆಯಿಂದ ಸಂಜೆವರೆಗೆ ನೀನೇ ತೊಳೀತಿರು, ಬೀದಿಯ ಲೆಕ್ಕ ಸರಿಹೋಗುತ್ತೆ. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡಪ್ಪ."