ಸೆನ್ಯೋರಾ ಹಾಕಿದ ಚರ್ಮದ ಉಪ್ಪಿನಕಾಯಿ

ಲಂಡನ್ನಿನ ಪಾರ್ಕ್ ರಾಯಲ್‌ನ ಸಣ್ಣ ಆಹಾರ ಘಟಕವೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ನಾನು ಬಾಯಿ ತೆರೆದುಕೊಂಡು ನಿಲ್ಲುವ ಪ್ರಸಂಗ ವಾರಕ್ಕೊಂದಾದರೂ ಬರುತ್ತದೆ. ಅರ್ಧ ನಗು ಬಂದರೆ ಅರ್ಧ ಬೆರಗು. ಹೆಚ್ಚಿನವು ಹಂದಿಯ ಚರ್ಮದಿಂದಲೇ ಆದವು.

೧. ಕೊಬ್ಬು

ನಮ್ಮ ಯಜಮಾನಿ ಮೆಕ್ಸಿಕೋದವರು. ಎಲ್ಲರೂ ಅವರನ್ನು ಸೆನ್ಯೋರಾ, ಅಂದರೆ ಅಮ್ಮಾವ್ರು, ಅನ್ನುತ್ತೇವೆ. ನಾನು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವಳು. ಹಂದಿಮಾಂಸದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಇತ್ತು. ಮೊದಲ ದಿನವೇ ಸೆನ್ಯೋರಾ ಬೇಯಿಸಿದ ಚರ್ಮವನ್ನು ಹಲಗೆಯ ಮೇಲೆ ಹರಡಿ, ಅದಕ್ಕೆ ಅಂಟಿದ್ದ ಕೊಬ್ಬನ್ನೆಲ್ಲ ಕೆರೆದು ಬಕೆಟ್ಟಿಗೆ ಹಾಕತೊಡಗಿದರು. ನನ್ನ ಹೊಟ್ಟೆ ಉರಿದುಹೋಯಿತು. ಕೊಬ್ಬಿನ ತುಂಡಿಗಾಗಿ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು.

"ಒಳ್ಳೆಯದನ್ನು ಬಿಸಾಡಿ ಸಿಪ್ಪೆ ಇಟ್ಟುಕೊಳ್ತಿದ್ದೀರಿ," ಎಂದೆ.

"ನಾಳೆ ಮಾತಾಡು," ಎಂದರು.

ಚರ್ಮವನ್ನು ಉದ್ದುದ್ದ ಸೀಳಿ, ಕ್ಯಾರೆಟ್, ಈರುಳ್ಳಿ, ಹಸಿಮೆಣಸು, ಓಮದ ಹಾಗೆ ಘಮ್ಮೆನ್ನುವ ಒಂದು ಒಣ ಸೊಪ್ಪು ಸೇರಿಸಿ, ವಿನೆಗರಿನಲ್ಲಿ ಮುಳುಗಿಸಿಟ್ಟರು. ಮರುದಿನ ಜಾಡಿ ಎತ್ತಿ ನೋಡಿದರೆ ಆ ಚರ್ಮದ ಮೂಲಕ ಬೆಳಕು ಕಾಣುತ್ತಿತ್ತು. ಬಾಯಿಗಿಟ್ಟರೆ ಎಳನೀರು ಬೊಂಡದ ಗಂಜಿಗಿಂತ ತುಸು ಗಟ್ಟಿ, ಹುಳಿ, ಖಾರ. ಸುಳ್ಳು ಯಾಕೆ ಹೇಳಲಿ, ಸೆನ್ಯೋರಾಗೆ ಕೈ ಮುಗಿಯಬೇಕೆನಿಸಿತು.

ಅವರ ತಾಯಿ ಊರಿನಲ್ಲಿ ಶಾಲೆಯ ಗೇಟಿನ ಹತ್ತಿರ ಇದನ್ನೇ ಮಾರಿ ಮಕ್ಕಳನ್ನು ಸಾಕಿದ್ದರಂತೆ. "ಇಲ್ಲಿ ಯಾರೂ ಕೊಳ್ಳೋದಿಲ್ಲ. ಈ ಸಲದ ಜಾಡಿಗಳೂ ಹೋಗದಿದ್ದರೆ ಚರ್ಮ ನಿಲ್ಲಿಸಿ ಬರೀ ಸಾಸ್ ಮಾಡ್ತೇನೆ," ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

"ನಿಲ್ಲಿಸಬೇಡಿ, ನಮ್ಮವರಿದ್ದಾರೆ," ಎಂದೆ.

"ನಿಮ್ಮವರು ಹಂದಿ ತಿಂತಾರಾ?"

"ಅದಿಲ್ಲದಿದ್ದರೆ ನಮ್ಮಲ್ಲಿ ಮದುವೆಯೇ ಆಗೋದಿಲ್ಲ."

ಗಿರಾಕಿ ಹುಡುಕಲೆಂದು ಒಂದು ಜಾಡಿ ಮನೆಗೆ ತಂದೆ. ಬಕೆಟ್ಟಿನ ಕೊಬ್ಬೂ ಅದರ ಜೊತೆಗೇ ಬಸ್ಸು ಹತ್ತಿತು.

೨. ಸ್ಪೆಷಲಿಸ್ಟ್

ಎಜ್‌ವೇರ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮೈಸೂರಿನ ಡಾಕ್ಟರ್ ದಂಪತಿ, ಈರುಳ್ಳಿಯನ್ನೂ ಯೋಚಿಸಿ ತಿನ್ನುವವರು. ಕೊತ್ತಂಬರಿ ಸೊಪ್ಪು ಕೇಳಲು ಬಂದ ಆಕೆ ಜಾಡಿ ನೋಡಿದ್ದೇ, "ಕಳಲೆ ಉಪ್ಪಿನಕಾಯಿ ಅಲ್ವೇನ್ರೀ? ತಿಂದು ಎಷ್ಟು ಕಾಲ ಆಯ್ತು," ಎಂದು ಚಮಚ ಕೈಗೆತ್ತಿಕೊಂಡರು. ಎಳೆ ಬಿದಿರನ್ನು ಹೆಚ್ಚಿಟ್ಟರೆ ಹಾಗೇ ಕಾಣುತ್ತದೆ, ಅವರ ತಪ್ಪಲ್ಲ. ನಾನು ಜಾಡಿಯನ್ನು ತಬ್ಬಿಕೊಂಡು ಹಿಂದೆ ಸರಿದೆ.

"ಒಂದು ಚೂರು ಕೊಟ್ರೆ ನಿಮಗೇನು ಕಮ್ಮಿ ಆಗತ್ತೆ?" ಎಂದು ಮುಖ ಸಣ್ಣ ಮಾಡಿದರು.

ಹೇಳಲೇಬೇಕಾಯಿತು. ಚಮಚ ಕೆಳಗಿಟ್ಟು ಗಂಡನನ್ನು ಕೂಗಿದರು. ಗಂಡ ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞರು. ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಒಂದು ಕಲೆ ಇಲ್ಲ, ಒಂದು ಸುಕ್ಕಿಲ್ಲ," ಎಂದರು ಮೆಲ್ಲಗೆ. "ಏನು ಹಚ್ತಾರೆ?"

ಅವರ ಹೆಂಡತಿ ಬಾಗಿಲ ಹತ್ತಿರ ನಿಂತು ಹೇಳಿದರು: "ನನ್ನ ಮುಖಾನ ಯಾವತ್ತಾದ್ರೂ ಇಷ್ಟು ಹೊತ್ತು ನೋಡಿದ್ದೀರಾ?"

೩. ತೆನೆಹಬ್ಬ

ಸೆಪ್ಟೆಂಬರಿನ ತೆನೆಹಬ್ಬಕ್ಕೆ ನಮ್ಮ ಜನ ಕ್ವೀನ್ಸ್‌ಬರಿಯ ಒಂದು ಹಾಲ್‌ನಲ್ಲಿ ಸೇರುತ್ತಾರೆ. ಸೆನ್ಯೋರಾಗೆ ಬರಹೇಳಿದ್ದೆ, ಗಿರಾಕಿಗಳ ಪರಿಚಯವಾಗಲಿ ಎಂದು. ಒಂದು ಮಾತು ಮಾತ್ರ ಹೇಳಿರಲಿಲ್ಲ. ನಮ್ಮಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳುವ ಅಗತ್ಯವೇ ಬರುವುದಿಲ್ಲ: ವರ್ಷವಿಡೀ ಹಂದಿ ತಿನ್ನುವ ನಾವು ಆ ದಿನ ಮೀನನ್ನೂ ಮುಟ್ಟುವುದಿಲ್ಲ. ಹೊಸ ಅಕ್ಕಿ, ತರಕಾರಿ, ಪಾಯಸ, ಅಷ್ಟೇ.

ಸೆನ್ಯೋರಾ ಇದ್ದಬದ್ದ ಜಾಡಿಗಳನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಬಂದರು. ಕಿವಿಗೆ ದೊಡ್ಡ ಓಲೆ, ಹೂವಿನ ಕಸೂತಿಯ ಅಂಗಿ. ನಾನು ಬಾಗಿಲಿನಿಂದ ಓಡಿ ಬರುವಷ್ಟರಲ್ಲಿ ಎಲ್ಲವನ್ನೂ ದೊಡ್ಡ ಹರಿವಾಣಕ್ಕೆ ಸುರಿದು, ನಿಂಬೆ ಹಿಂಡಿ, ಅಲಸಂಡೆ ಪಲ್ಯಕ್ಕೂ ಪಾಯಸಕ್ಕೂ ನಡುವೆ ಇಟ್ಟು ನಿಂತಿದ್ದರು.

ಜನ ಸಾಲಾಗಿ ಬಂದರು. ಬಗ್ಗಿ ನೋಡಿದರು, ಮೂಸಿದರು, "ಎಂಥ ಹೊಳಪು ಮಾರಾಯ್ರೆ," ಎಂದು ನಿಟ್ಟುಸಿರು ಬಿಟ್ಟು ಪಲ್ಯ ಬಡಿಸಿಕೊಂಡು ಹೋದರು. ಒಬ್ಬರೂ ಮುಟ್ಟಲಿಲ್ಲ. ಸೆನ್ಯೋರಾರ ಮುಖ ಬಾಡಿತು. ನಾನು ಹಬ್ಬದ ನೇಮ ವಿವರಿಸಿದೆ.

"ನನ್ನ ಸಮಾಧಾನಕ್ಕೆ ಕಥೆ ಕಟ್ಟಬೇಡ," ಎಂದರು. "ಹಂದಿ ಇಲ್ಲದೆ ಮದುವೆ ಆಗದ ಜನ ಅಂತ ನೀನೇ ಅಂದಿದ್ದೆ. ಸಾಸ್ ಮಾಡೋಣ, ಬಿಡು." ಹರಿವಾಣ ಎತ್ತಲು ಕೈ ಹಾಕಿದರು. ನನಗೆ ಅಳು ಬಂತು.

ಆಗ ಎದ್ದು ಬಂದವರು ನನ್ನ ಅತ್ತೆ. ಹಂದಿಮಾಂಸದ ವಿಷಯದಲ್ಲಿ ನಮ್ಮವರಲ್ಲಿ ಅವರದೇ ಕೊನೆಯ ಮಾತು. ಯಾರ ಅಡುಗೆಯನ್ನೂ ಹೊಗಳಿದವರಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ಹರಿವಾಣದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿ, ಶಿಲುಬೆಯ ಗುರುತು ಹಾಕಿಕೊಂಡರು.

"ವಿನೆಗರಿನಲ್ಲಿ ಹಾಕಿದ್ದಾ?" ಎಂದು ಕೊಂಕಣಿಯಲ್ಲಿ ಕೇಳಿದರು.

"ಹೌದು."

"ನಾಳೆಗೆ ಹಾಳಾಗ್ತದಾ?"

"ಇಲ್ಲ ಅತ್ತೆ, ಇನ್ನೂ ರುಚಿಯಾಗ್ತದೆ."

ಅತ್ತೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಅಂಚಿನವರೆಗೆ ತುಂಬಿ, ಮುಚ್ಚಳ ಒತ್ತಿದರು. ಅಷ್ಟೇ ಸಾಕಾಯಿತು, ಇಡೀ ಹಾಲ್ ಎದ್ದು ಬಂತು. ಟಿಫಿನ್ ಕ್ಯಾರಿಯರ್, ಐಸ್‌ಕ್ರೀಮ್ ಡಬ್ಬಿ, ಮಗುವಿನ ಸಿಪ್ಪರ್, ಏನು ಸಿಕ್ಕಿತೋ ಅದು. ಒಬ್ಬರು ಪಾಯಸದ ಪಾತ್ರೆಯನ್ನೇ ತೊಳೆದು ತಂದರು. ಪಾಯಸ ಎಲ್ಲಿ ಎಂದು ಕೇಳಿದರೆ, ಜಾಗ ಮಾಡಲು ನಿಂತಲ್ಲೇ ಕುಡಿದೆ ಎಂದರು. ಸೆನ್ಯೋರಾ ಕಣ್ಣೊರೆಸಿಕೊಂಡು, ಮುಂದಿನ ವಾರ ಇದರ ಎರಡರಷ್ಟು ಚರ್ಮ ತರಿಸು ಎಂದರು.

ಆ ದಿನ ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು, ಯಾರೂ ಒಂದು ಚೂರನ್ನೂ ಬಾಯಿಗಿಡದ ಆ ಹರಿವಾಣ.