ಅಕ್ಕಿ ಡಬ್ಬಿಯೊಳಗಿನ ಜೀವ

ಹಿಂದೆ ಒಂದು ಕಾಲದಲ್ಲಿ, ಏಳು ಕೆರೆಗಳ ಆಚೆ, ಒಬ್ಬ ರಾಕ್ಷಸನಿದ್ದನಂತೆ. ಅವನ ಜೀವ ಅವನ ಮೈಯಲ್ಲಿರಲಿಲ್ಲ, ಒಂದು ಗಿಳಿಯ ಕೊರಳಲ್ಲಿತ್ತಂತೆ. ಗಿಳಿ ಸೀನಿದರೆ ಇವನಿಗೆ ನೆಗಡಿ. ರಾಕ್ಷಸರ ಕಾಲ ಮುಗಿಯಿತು, ಗಿಳಿಗಳೂ ಕಡಿಮೆಯಾದವು, ಜೀವವನ್ನು ಮೈಯಿಂದ ಹೊರಗಿಡುವ ಚಾಳಿ ಮಾತ್ರ ಉಳಿಯಿತು. ಧಾರವಾಡದ ಒಂದು ಕಾಲೊನಿಯಲ್ಲಿದ್ದ ರಮಾಕಾಂತರಾಯರು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಅವರ ಜೀವ ಅಂಗಿಯ ಕಿಸೆಯಲ್ಲಿತ್ತು. ರಾತ್ರಿ ಅದನ್ನು ಚಾರ್ಜಿಗೆ ಹಾಕಿ ಮಲಗುತ್ತಿದ್ದರು.

ಸಂಜೆಯಾದರೆ ಅವರ ಹೆಂಡತಿ ಮೈತ್ರೇಯಿಬಾಯಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಕೆಲಗೇರಿ ಕೆರಿಗೆ ಹೋಗೋಣ ಬರ್ರಿ. ಆ ಫೋನ್ ಮನ್ಯಾಗ ಇಡ್ರಿ. ಅರ್ಧಾ ತಾಸು ಸುಮ್ಮನ ಕೂತು ಬರೋಣ."

"ಹ್ಞೂಂ," ಎನ್ನುತ್ತಿದ್ದರು ರಾಯರು, ಕತ್ತು ಎತ್ತದೆ. ಸ್ವಲ್ಪ ಹೊತ್ತು ನಿಂತು ಬಾಯಿಯವರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಹೀಗೇ ವರ್ಷಗಳು ಕಳೆದವು, ಚಪ್ಪಲಿ ಸವೆಯಲಿಲ್ಲ. ಕೊನೆಗೆ ಆಸ್ಪತ್ರೆಯ ಮಂಚದ ಮೇಲಿಂದ ಅವರು ಅದನ್ನೇ ಕೇಳಿದಾಗ ರಾಯರು ಕೈಮೇಲೆ ಕೈ ಹಾಕಿ ಮಾತು ಕೊಟ್ಟರು. ಆ ಮಾತನ್ನು ಅಲ್ಲೇ ಬಿಟ್ಟು ಬಾಯಿಯವರು ಹೋಗಿಬಿಟ್ಟರು.

ನಾಳೆ ಅವರ ವರ್ಷಾಂತಿಕ, ಮೊದಲ ವರ್ಷದ ತಿಥಿ. ಮಗಳು ಧನಶ್ರೀ ಬೆಳಗಾವಿಯಿಂದ ಬರುವವಳಿದ್ದಳು. ಆಸೆ ಉಳಿಸಿಕೊಂಡು ಹೋದವರ ಪಿಂಡವನ್ನು ಕಾಗೆ ಮುಟ್ಟುವುದಿಲ್ಲ ಎಂಬುದು ರಾಯರಿಗೆ ಬೆಳಗಿನ ಚಹಾ ಕುಡಿಯುವಾಗ ನೆನಪಾಯಿತು. ಕಪ್ಪು ಕೆಳಗಿಟ್ಟರು. ಮಾತು ತೀರಿಸಲು ಉಳಿದದ್ದು ಇವತ್ತೊಂದೇ ಸಂಜೆ.

ಇಳಿಹೊತ್ತಿಗೆ ಫೋನನ್ನು ಕಪಾಟಿನಲ್ಲಿಟ್ಟರು. ಬಾಗಿಲತನಕ ಹೋಗಿ ತಿರುಗಿ ಬಂದರು. ದೇವರ ಕೋಣೆಯಲ್ಲಿಟ್ಟರು, ದೇವರಿಗಿಂತ ಹೆಚ್ಚು ಅದೇ ಕರೆಯತೊಡಗಿತು. ಕೊನೆಗೆ ಅಡಿಗೆಮನೆಯ ದೊಡ್ಡ ಅಕ್ಕಿ ಡಬ್ಬಿ ತೆಗೆದರು. ಖಾನಾವಳಿಯ ಊಟ ಹಚ್ಚಿಕೊಂಡ ಮೇಲೆ ಅದರ ಮುಚ್ಚಳ ತೆಗೆದಿರಲಿಲ್ಲ. ಬಾಯಿಯವರು ತುಂಬಿಟ್ಟ ಅಕ್ಕಿ ಹಾಗೇ ಇತ್ತು, ನುಸಿ ಮಾತ್ರ ಹೊಸದು. ಮೊಣಕೈತನಕ ಕೈ ಇಳಿಸಿ ಫೋನ್ ಹುಗಿದು, ಮನೆಗೆ ಬೀಗ ಹಾಕಿ, ಎಂದಿನಂತೆ ಬೀಗದ ಕೈಯನ್ನು ಪಕ್ಕದ ಮನೆಯ ಶಿವಬಸವ್ವನಿಗೆ ಕೊಟ್ಟರು. ಎಲ್ಲಿಗೆ ಎಂದು ಆಕೆ ಕೇಳಿದ್ದಕ್ಕೆ, ಇಲ್ಲೇ ಕೆರೆಯ ಕಡೆಗೆ ಎಂದರು. ಹಾಲಿನವನು ಬಂದರೆ ಹಾಲು ನೀವೇ ಇಟ್ಟುಕೊಳ್ಳಿರಿ ಎಂದೂ ಹೇಳಿದರು. ಆ ಹಾಲಿನ ಮಾತೇ ಮುಂದೆ ವಿಷವಾಯಿತು.

ಕೆರೆಯ ದಂಡೆಯಲ್ಲಿ ಒಂದು ಉದ್ದನೆಯ ಕಲ್ಲಿನ ಮೇಲೆ ಕೂತರು. ಹಲ್ಲು ಬಿದ್ದ ಸಂದಿಗೆ ನಾಲಿಗೆ ಹೋದಂತೆ ಕೈ ಮೇಲಿಂದ ಮೇಲೆ ಕಿಸೆಗೆ ಹೋಗುತ್ತಿತ್ತು. ಎದೆಯ ಮೇಲೆ ಜುಂ ಎಂದಿತು, ನೋಡಿದರೆ ಇರುವೆ. ಅಷ್ಟರಲ್ಲಿ ಹೊಸ ಚಿಂತೆ ಹತ್ತಿತು. ಫೋನಿಲ್ಲದೆ ಅರ್ಧ ತಾಸು ಆಯಿತೆಂದು ತಿಳಿಯುವುದು ಹೇಗೆ? ಕೈಗಡಿಯಾರ ಕಟ್ಟುವುದನ್ನು ಬಿಟ್ಟು ಯಾವ ಕಾಲವಾಯಿತು! ಅಡ್ಡಾಡಲು ಬಂದ ಒಬ್ಬರನ್ನು ವೇಳೆ ಕೇಳಿದರು. ಆತ ಫೋನ್ ತೆಗೆದ, ಅದರಲ್ಲಿ ಬಂದದ್ದನ್ನು ಓದಿದ, ನಕ್ಕ, ನಗುತ್ತ ನಗುತ್ತ ಹೊರಟುಹೋದ. ವೇಳೆ ರಾಯರ ಪಾಲಿಗೆ ಬರಲಿಲ್ಲ.

ಆಮೇಲೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು, ಕಾಕಾ ಒಂದು ಫೋಟೋ, ಎಂದು ಫೋನನ್ನು ಅವರ ಕೈಯಲ್ಲಿ ತುರುಕಿತು. ತೆಗೆದುಕೊಟ್ಟ ಮೇಲೆ ರಾಯರಿಗೆ ಹೊಳೆಯಿತು. ಮುಟ್ಟಿಬಿಟ್ಟೆನಲ್ಲ. ಮೈಲಿಗೆಯಾಯಿತು. ಮೈಲಿಗೆಯಾದರೆ ಕೈಕಾಲು ತೊಳೆದು ಮತ್ತೆ ಮೊದಲಿನಿಂದ ಶುರುಮಾಡುವುದೇ ಮನೆತನದಲ್ಲಿ ನಡೆದು ಬಂದ ರೀತಿ. ಧೋತರ ಎತ್ತಿ ಹಿಡಿದು ರಾಯರು ನೀರಿಗಿಳಿದರು.

ಇತ್ತ ಕಾಲೊನಿಯಲ್ಲಿ ನಡೆದದ್ದು ಅವರಿಗೆ ಆಮೇಲೆ ತಿಳಿಯಿತು. ನಾಳೆ ತಿಥಿ ಮಾಡಿಸುವ ಭಟ್ಟರ ವಿಷಯ ಕೇಳಲು ಧನಶ್ರೀ ತಂದೆಗೆ ಫೋನ್ ಮಾಡಿ ಮಾಡಿ ಸೋತು ಶಿವಬಸವ್ವನಿಗೆ ಮಾಡಿದ್ದಳು. ಶಿವಬಸವ್ವ ಬೀಗ ತೆಗೆದು ಒಳಗೆ ಹೋದರೆ ಅಕ್ಕಿ ಡಬ್ಬಿ ಗುನುಗುತ್ತಿತ್ತು. ಕಾಲೊನಿಯ ವಾಟ್ಸಾಪ್ ಗುಂಪಿನ ಯಜಮಾನ ವಿನೋದನನ್ನು ಕರೆದು, ರಾಯರು ಕೆರೆಯ ಕಡೆಗೆ ಹೋದದ್ದನ್ನು ಹೇಳಿದಳು. ವಿನೋದ ಡಬ್ಬಿಗೆ ಕೈ ಹಾಕಿ, ಅಕ್ಕಿ ಮೆತ್ತಿದ ಫೋನ್ ಎತ್ತಿ, ಪತ್ತೇದಾರನಂತೆ ಕಣ್ಣು ಕಿರಿದು ಮಾಡಿದ.

"ನೀರಾಗ ಬಿದ್ದ ಫೋನ್ ಅಕ್ಕ್ಯಾಗ ಇಡ್ತಾರ್ರಿ ಅಕ್ಕಾರ. ಅಂದ್ರ ಕಾಕಾ ಒಮ್ಮೆ ಕೆರಿಗೆ ಬಿದ್ದು ಎದ್ದು ಬಂದಾರ. ಈ ಸಲ ಫೋನ್ ಕೆಡಬಾರ್ದು ಅಂತ ಬಿಟ್ಟು ಹೋಗ್ಯಾರ."

"ಹೌದ ನೋಡೋ ತಮ್ಮಾ," ಎಂದಳು ಶಿವಬಸವ್ವ. "ಹಾಲೂ ನನಗ ಕೊಟ್ಟು ಹೋಗ್ಯಾರ. ನಾಳಿ ಆಕಿ ತಿಥಿ ಬ್ಯಾರೆ."

ಇಬ್ಬರನ್ನೂ ಹತ್ತಿಸಿಕೊಂಡು ಕಾಲೊನಿಯ ಆಟೋದವ ಮೆಹಬೂಬ ಕೆರೆಗೆ ಹೊರಟ. ದಾರಿಯಲ್ಲೇ ವಿನೋದ ಗುಂಪಿಗೆ ಸುದ್ದಿ ಹಾಕಿದ. ರಾಯರು ಮೊಣಕಾಲು ನೀರಿನಲ್ಲಿ ನಿಂತು ಮೂರನೆಯ ಸಲ ಮುಖ ತೊಳೆಯುತ್ತಿದ್ದಾಗ ಮೆಹಬೂಬ ಹಿಂದಿನಿಂದ ಬಂದು ತಪ್ಪಿಸಿಕೊಂಡ ಎಮ್ಮೆಗರುವನ್ನು ಹಿಡಿದಂತೆ ತೆಕ್ಕೆಹಾಯ್ದ. ಇಬ್ಬರೂ ಕೆಸರಿನಲ್ಲಿ ಉರುಳಿದರು. ಅಲ್ಲಿಯವರೆಗೆ ಮೊಣಕಾಲತನಕ ಮಾತ್ರ ತೊಯ್ದಿದ್ದ ರಾಯರು ಉಳಿಸಲು ಬಂದವರ ಕೈಯಲ್ಲಿ ಪೂರ್ತಿ ಮುಳುಗಿದರು. ದಂಡೆಯಲ್ಲಿ ನಿಂತು ವಿನೋದ ವಿಡಿಯೋ ಮಾಡಿದ.

"ಹಿಂಗ್ಯಾಕ ಮಾಡಿದ್ರಿ ಅಣ್ಣಾರ? ನಾವೇನ್ ಸತ್ತಿದ್ವಿ?" ಶಿವಬಸವ್ವ ಸೆರಗಿನಿಂದ ಅವರ ತಲೆ ಒರೆಸಿದಳು.

"ಸುಮ್ಮನ ಕೂಡ್ಲಿಕ್ಕೆ ಬಂದಿದ್ದೆನ್ರೀ," ಎಂದರು ರಾಯರು, ಬಾಯೊಳಗಿನ ಕೆಸರು ಉಗುಳಿ. "ಅರ್ಧಾ ತಾಸು. ಆಕಿಗೆ ಮಾತು ಕೊಟ್ಟಿದ್ದೆ."

ಮೆಹಬೂಬ ಧೋತರ ಹಿಂಡಿಕೊಟ್ಟ. ಅವಸರದಲ್ಲಿ ಬಂದ ಆಟೋದ ಗ್ಯಾಸು ತೀರಿತ್ತು. "ಗ್ಯಾಸ್ ತುಂಬಿಸ್ಕೊಂಡು ಅರ್ಧಾ ತಾಸಿನ್ಯಾಗ ಬರ್ತೇನ್ರಿ ಸಾಹೇಬ್ರ. ಇಲ್ಲೇ ಕುಂದರ್ರಿ," ಎಂದು ಅವನು ಆಟೋ ತಳ್ಳಿಕೊಂಡು ಹೋದ.

ರಾಯರು ಮತ್ತೆ ಕಲ್ಲಿನ ಮೇಲೆ ಕೂತರು. ಎಡಕ್ಕೆ ವಿನೋದ, ಬಲಕ್ಕೆ ಶಿವಬಸವ್ವ. ಇನ್ನು ಇವರ ಮಾತಿನಲ್ಲಿ ಸಂಜೆ ಹೋಯಿತು ಎಂದುಕೊಂಡರು. ಆದರೆ ಇಬ್ಬರ ಫೋನುಗಳೂ ಜೀರುಂಡೆಯಂತೆ ಒದರುತ್ತಿದ್ದವು. ಗುಂಪಿನಲ್ಲಿ ಆಗಲೇ ರಾಯರ ಫೋಟೋಕ್ಕೆ ಹಾರ ಬಿದ್ದು, 'ಭಾವಪೂರ್ಣ ಶ್ರದ್ಧಾಂಜಲಿ'ಗಳು ಸುರಿಯತೊಡಗಿದ್ದವು. ಅವರಿನ್ನೂ ಬದುಕಿದ್ದಾರೆಂದು ವಿನೋದ ಒಬ್ಬೊಬ್ಬರಿಗೂ ಉತ್ತರ ಬರೆಯಬೇಕಿತ್ತು. ಶಿವಬಸವ್ವ ಧನಶ್ರೀಗೆ ಧೈರ್ಯ ಹೇಳಿ, ಅಕ್ಕತಂಗಿಯರಿಗೆಲ್ಲ ವಿಡಿಯೋ ಕಳಿಸತೊಡಗಿದಳು. ಬದುಕಿದ್ದವರ ಕಡೆಗೆ ನೋಡಲು ಯಾರಿಗೂ ಪುರಸತ್ತಿರಲಿಲ್ಲ.

ಹೀಗೆ, ಯಾರೂ ಮಾತಾಡದೆ, ಕೆರೆ ಸುಮ್ಮನಾಯಿತು. ರಾಯರ ಕೈ ಕಿಸೆಗೆ ಹೋಗುವುದನ್ನು ಮರೆಯಿತು. ಸೂರ್ಯ ಕೆಂಪಾಗಿ ನೀರಿಗೆ ಬಗ್ಗಿದ. ಆಚೆ ದಂಡೆಯ ಜಾಲಿಗಿಡಕ್ಕೆ ಬೆಳ್ಳಕ್ಕಿಗಳು ಒಂದರ ಹಿಂದೊಂದು ಬಂದು ಕೂತು, ಗಿಡವೆಲ್ಲ ಮಲ್ಲಿಗೆ ಬಿಟ್ಟಂತೆ ಬೆಳ್ಳಗಾಯಿತು. ಇಷ್ಟು ವರ್ಷ ಇದು ಇಲ್ಲೇ, ಮನೆಯಿಂದ ಇಷ್ಟೇ ದೂರದಲ್ಲಿ, ದಿನಾಲೂ ಆಗುತ್ತಿತ್ತು. ಯಾರಿಗಾದರೂ ತೋರಿಸಬೇಕೆಂದು ರಾಯರ ಜೀವ ಒದ್ದಾಡಿತು.

"ಶಿವಬಸವಕ್ಕಾ, ಅಲ್ಲೆ ನೋಡ್ರಿ. ಬೆಳ್ಳಕ್ಕಿ ಬಂದಾವ."

"ಹ್ಞೂಂ," ಎಂದಳು ಶಿವಬಸವ್ವ, ಕತ್ತು ಎತ್ತದೆ.

ಆ ಹ್ಞೂಂ ರಾಯರಿಗೆ ಚೆನ್ನಾಗಿ ಪರಿಚಯದ್ದು. ಈ ಕಡೆ ಕೂತು ಕೇಳಿದ್ದು ಮಾತ್ರ ಇದೇ ಮೊದಲು.

ಅವರು ಮತ್ತೆ ಕರೆಯಲಿಲ್ಲ. ಕಲ್ಲಿನ ಮೇಲೆ ಒಂಚೂರು ಸರಿದು, ಪಕ್ಕದಲ್ಲಿ ಇನ್ನೊಬ್ಬರು ಕೂಡುವಷ್ಟು ಜಾಗ ಬಿಟ್ಟರು. ಬೆಳ್ಳಕ್ಕಿಗಳ ಬಿಳುಪು ಒಂದೊಂದಾಗಿ ಕತ್ತಲಲ್ಲಿ ಅಳಿಸಿಹೋಗುವತನಕ ನೋಡುತ್ತ ಕೂತರು.

ರಸ್ತೆಯ ಕಡೆಯಿಂದ ಮೆಹಬೂಬನ ಆಟೋದ ಹಾರ್ನ್ ಕೇಳಿಸಿತು. ಅರ್ಧ ತಾಸು ಆಗಿತ್ತು.